ಜಾರ್ಜ್: ಗೆಲ್ಲಿಸಿದವರೂ ಜನ, ಸೋಲಿಸಿದವರೂ ಜನ

ಮನೆಯ ಹಿರಿಯರ ಮುಂದೆ ಜಾರ್ಜ್ ಫರ್ನಾಂಡಿಸ್ ಹೆಸರೆತ್ತಿ ನೋಡಿ. ಅಂಥವರು ಮತ್ತೆ ಹುಟ್ಟಲಿಲ್ಲ ಎನ್ನುವವರು ಸಿಗುತ್ತಾರೆ. ಕೊನೆಗೆ ಅವರೂ ಹಾಗಾಗಿಬಿಟ್ಟರಲ್ಲ ಎಂದು ನಿಟ್ಟುಸಿರಿಡುವವರೂ ಸಿಗುತ್ತಾರೆ. ತಮಾಷೆಯೆಂದರೆ ಈ ಎರಡು ಮಾತನ್ನೂ ಒಬ್ಬರೇ ಆಡುವುದುಂಟು.

ಮಂಗಳೂರಿನಲ್ಲಿ 1930ರ ಜೂನ್ 3ರಂದು ಹುಟ್ಟಿದ ಹುಡುಗ. ಪಾದ್ರಿಯಾಗಲೆಂದು ಮನೆಯವರು ಬೆಂಗಳೂರಿನ ಸೆಮಿನರಿಗೆ ಕಳಿಸಿದರು. ಗುರುಗಳಿಗೊಂದು ಊಟ, ಕಲಿಯುವ ಹುಡುಗರಿಗೊಂದು ಊಟ ಎಂಬ ಭೇದ ಕಂಡು ಬೇಸತ್ತು ಅಲ್ಲಿಂದ ಹೊರಬಿದ್ದರು. ಮಂಗಳೂರಿನ ಹೋಟೆಲ್ ಕಾರ್ಮಿಕರನ್ನು ಸಂಘಟಿಸಿದರು. 1949ರಲ್ಲಿ ಮುಂಬಯಿಗೆ ಹೋಗಿ, ಮೊದಮೊದಲು ರಸ್ತೆ ಬದಿಯಲ್ಲೇ ಮಲಗಿದರು. ಅದೇ ಮುಂಬಯಿಯಲ್ಲಿ 1967ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಎಸ್. ಕೆ. ಪಾಟೀಲರನ್ನು ಸೋಲಿಸಿದರು. ಪಾಟೀಲರೆಂದರೆ ಆ ಮಹಾನಗರದ ಪಟ್ಟವಿಲ್ಲದ ದೊರೆ. ಅವರನ್ನೂ ಸೋಲಿಸಬಹುದು ಎಂಬುದನ್ನು ಮತದಾರರಿಗೆ ನಂಬಿಸಿದ್ದೇ ಜಾರ್ಜ್ ಅವರ ಅರ್ಧ ಗೆಲುವು.

ರೈಲ್ವೆ ಕುಟುಂಬಗಳಲ್ಲಿ ಇಂದಿಗೂ ಮಾತಾಗುವುದು 1974ರ ಮೇ ತಿಂಗಳ ಮುಷ್ಕರ. ಸುಮಾರು 17 ಲಕ್ಷ ನೌಕರರು, 20 ದಿನ. ಸಾವಿರಾರು ಮಂದಿ ಜೈಲು ಸೇರಿದರು, ಅನೇಕರ ಕೆಲಸ ಹೋಯಿತು. ಬೇಡಿಕೆ ಈಡೇರದೆಯೇ ಮುಷ್ಕರವನ್ನು ಹಿಂದೆಗೆದುಕೊಳ್ಳಬೇಕಾಯಿತು. ಜನರಿಗಾಗಿ ಹೋರಾಡಿದವರು ಎಂದು ಕೆಲವರು ಹೊಗಳಿದರೆ, ದೇಶವನ್ನೇ ನಿಲ್ಲಿಸಿದವರು ಎಂದು ಉಳಿದವರು ಬೈದರು. ಕೆಲಸ ಕಳೆದುಕೊಂಡವನ ಮನೆಯಲ್ಲಿ ಏನೆಂದರೋ, ಅದನ್ನು ಯಾರೂ ಬರೆದಿಡಲಿಲ್ಲ.

ಮರುವರ್ಷ ತುರ್ತು ಪರಿಸ್ಥಿತಿ ಬಂತು. ಜಾರ್ಜ್ ಭೂಗತರಾದರು. ಸರ್ಕಾರವನ್ನು ಉರುಳಿಸಲು ಡೈನಮೈಟ್ ಸಂಗ್ರಹಿಸಿದರು ಎಂಬ ಆರೋಪವೇ ಬರೋಡಾ ಡೈನಮೈಟ್ ಪ್ರಕರಣ. ಅವರು ಸಿಗದಿದ್ದಾಗ ಪೊಲೀಸರು ಬೆಂಗಳೂರಿನಲ್ಲಿದ್ದ ತಮ್ಮ ಲಾರೆನ್ಸ್ ಅವರನ್ನು ಹಿಡಿದು ಚಿತ್ರಹಿಂಸೆ ಕೊಟ್ಟರು. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರನ್ನು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿಟ್ಟರು. ಆಸ್ತಮಾದಿಂದ ನರಳಿದ ಆಕೆ ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು. ಜಾರ್ಜ್ 1976ರ ಜೂನ್‌ನಲ್ಲಿ ಕಲ್ಕತ್ತದಲ್ಲಿ ಸಿಕ್ಕಿಬಿದ್ದಿದ್ದರು. ಬೇಡಿ ತೊಟ್ಟ ಕೈಯನ್ನು ಮೇಲೆತ್ತಿ ನಿಂತ ಅವರ ಆ ಚಿತ್ರವೇ ಪ್ರಚಾರ ಮಾಡಿತು. ಜೈಲಿನಲ್ಲಿದ್ದೇ ಬಿಹಾರದ ಮುಜಫ್ಫರಪುರದಿಂದ ಮೂರು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು! ಸರ್ಕಾರ ಬದಲಾಯಿತು, ಮೊಕದ್ದಮೆ ವಾಪಸಾಯಿತು. ಡೈನಮೈಟ್ ವಿಷಯದ ತೀರ್ಪು ಕೋರ್ಟಿನಲ್ಲಿ ಹೊರಬೀಳಲೇ ಇಲ್ಲ. ಮತಪೆಟ್ಟಿಗೆಯ ತೀರ್ಪನ್ನು ಅದರ ಬದಲಿಗೆ ಇಟ್ಟುಕೊಳ್ಳಬಹುದೇ? ತಂದೆ-ಮಕ್ಕಳು ಕೂತು ಚರ್ಚಿಸಬೇಕಾದ ಪ್ರಶ್ನೆ ಇದು.

ಕೈಗಾರಿಕಾ ಸಚಿವರಾಗಿದ್ದ ಕಾಲದಲ್ಲಿ ಕೋಕಾಕೋಲಾ ಮತ್ತು ಐಬಿಎಂ ಕಂಪೆನಿಗಳು ದೇಶ ಬಿಟ್ಟವು. ವಿದೇಶಿ ಕಂಪೆನಿಗಳು ಕಾನೂನಿಗೆ ತಕ್ಕಂತೆ ತಮ್ಮ ಷೇರಿನ ಪಾಲನ್ನು ಇಳಿಸಿಕೊಳ್ಳಬೇಕೆಂಬ ಪಟ್ಟು ಅದಕ್ಕೆ ಕಾರಣ. ಆದರೆ ಜನರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತದ್ದು 1979ರ ಜುಲೈ. ಮೊರಾರ್ಜಿ ಸರ್ಕಾರದ ಮೇಲೆ ಬಂದ ಅವಿಶ್ವಾಸ ನಿರ್ಣಯದ ವಿರುದ್ಧ ಲೋಕಸಭೆಯಲ್ಲಿ ಅಮೋಘವಾಗಿ ವಾದಿಸಿದ ಜಾರ್ಜ್, ಕೆಲವೇ ದಿನಗಳಲ್ಲಿ ಅದೇ ಸರ್ಕಾರವನ್ನು ಬಿಟ್ಟು ಹೊರಬಂದರು. ಕೈದಿಯ ಬೇಡಿಯನ್ನು ಮೆಚ್ಚಿದ್ದ ಜನಕ್ಕೆ ಈ ಮಗ್ಗುಲು ಬದಲಾವಣೆ ಜೀರ್ಣವಾಗಲಿಲ್ಲ.

ನಮ್ಮ ನಾಡಿನ ಮತದಾರರಾದರೂ ಕೈಹಿಡಿದರೇ? 1984ರಲ್ಲಿ ಬೆಂಗಳೂರು ಉತ್ತರದಲ್ಲಿ ನಿಂತರು, ಸಿ. ಕೆ. ಜಾಫರ್ ಷರೀಫ್ ಎದುರು ಸೋತರು. ಇಂದಿರಾ ಹತ್ಯೆಯ ನಂತರದ ಅಲೆ ಎನ್ನಿ, ಊರಿಂದ ದೂರವಾದ ಮಗ ಎನ್ನಿ. ಮುಂದೆ ಇಬ್ಬರೂ ರೈಲ್ವೆ ಸಚಿವರಾದದ್ದು ಮಾತ್ರ ವಿಶೇಷ. ಅಂದು ರೈಲು ನಿಲ್ಲಿಸಿದವರೇ 1989ರ ಕೊನೆಯಲ್ಲಿ ರೈಲು ಓಡಿಸುವ ಕುರ್ಚಿಯಲ್ಲಿ ಕೂತರು. ಕೊಂಕಣ ರೈಲ್ವೆಗಾಗಿ ಪ್ರತ್ಯೇಕ ನಿಗಮ 1990ರಲ್ಲಿ ಸ್ಥಾಪನೆಯಾಯಿತು, ಇ. ಶ್ರೀಧರನ್ ಅದರ ಸಾರಥಿ. ರೋಹಾದಿಂದ ಮಂಗಳೂರು ಬಳಿಯ ತೋಕೂರಿನವರೆಗೆ 740 ಕಿಲೋಮೀಟರಿಗೂ ಹೆಚ್ಚು ಉದ್ದದ ಆ ದಾರಿ 1998ರಲ್ಲಿ ಪೂರ್ತಿ ತೆರೆಯಿತು. ಮುಂಬಯಿಗೆ ದುಡಿಯಲು ಹೋದವರ ಕರಾವಳಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಬೇರಿಲ್ಲ.

ಅದೇ 1998ರಲ್ಲಿ ಅವರು ವಾಜಪೇಯಿ ಸಂಪುಟದ ರಕ್ಷಣಾ ಸಚಿವರಾದರು. ಒಂದು ಕಾಲಕ್ಕೆ ಜನತಾ ಪಕ್ಷದೊಳಗೆ ಆರೆಸ್ಸೆಸ್ ನಂಟನ್ನು ಪ್ರಶ್ನಿಸಿದ್ದ ಸಮಾಜವಾದಿ ಈಗ ಎನ್‌ಡಿಎ ಸಂಚಾಲಕ! ಹಳೆಯ ಸಂಗಾತಿಗಳು ಇದನ್ನು ಕ್ಷಮಿಸಲಿಲ್ಲ. 2002ರ ಗುಜರಾತ್ ಗಲಭೆಯ ಬಗ್ಗೆ ಸಂಸತ್ತಿನಲ್ಲಿ ಅವರಾಡಿದ ಮಾತುಗಳನ್ನಂತೂ ಅಭಿಮಾನಿಗಳೂ ಸಮರ್ಥಿಸಿಕೊಳ್ಳಲಾರರು. ಆದರೆ ಸಿಯಾಚಿನ್‌ನ ಸೈನಿಕನನ್ನು ಕೇಳಿದ್ದರೆ ಬೇರೆಯೇ ಉತ್ತರ ಬರುತ್ತಿತ್ತು. ಆ ಹಿಮದ ನೆತ್ತಿಗೆ ಮತ್ತೆ ಮತ್ತೆ ಹೋಗಿಬಂದ ಸಚಿವರು ಅವರು. ಇಸ್ತ್ರಿಯಿಲ್ಲದ ಜುಬ್ಬ, ಗೇಟಿಲ್ಲದ ಮನೆ, ತಮ್ಮ ಬಟ್ಟೆ ತಾವೇ ಒಗೆದುಕೊಳ್ಳುವ ಅಭ್ಯಾಸ ಅಧಿಕಾರದಲ್ಲೂ ಬದಲಾಗಲಿಲ್ಲ.

2001ರ ಮಾರ್ಚ್‌ನಲ್ಲಿ ತೆಹೆಲ್ಕಾ ಗುಪ್ತ ಕ್ಯಾಮೆರಾ ಸಿಡಿಯಿತು. ಜಾರ್ಜ್ ರಾಜೀನಾಮೆ ಕೊಟ್ಟರು, ಅಕ್ಟೋಬರಿನಲ್ಲಿ ಮರಳಿದರು. ಆಗಿನ್ನೂ ತನಿಖೆ ಮುಗಿದಿರಲಿಲ್ಲ. ಆ ಆತುರ ಅವರ ಹೆಸರಿಗೆ ಒಳ್ಳೆಯದು ಮಾಡಲಿಲ್ಲ. ಕಾರ್ಗಿಲ್ ಹುತಾತ್ಮರ ಶವಪೆಟ್ಟಿಗೆ ಖರೀದಿಯ ಆರೋಪ ಇನ್ನಷ್ಟು ಆಳವಾಗಿ ಚುಚ್ಚಿತು. ಸಂಸತ್ತಿನಲ್ಲಿ ‘ಕಫನ್ ಚೋರ್’ ಎಂಬ ಕೂಗೆದ್ದಿತು. ಸಿಬಿಐ 2009ರಲ್ಲಿ ಸಲ್ಲಿಸಿದ ಆರೋಪಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಕೂಗು ಮುಟ್ಟಿದ ಮನೆಗಳಿಗೆಲ್ಲ ಆ ಸುದ್ದಿ ಮುಟ್ಟಿದ್ದು ಅನುಮಾನ.

ಅದೇ ವರ್ಷ, ಆರೋಗ್ಯ ಸರಿಯಿಲ್ಲವೆಂದು ಪಕ್ಷ ಟಿಕೆಟ್ ನಿರಾಕರಿಸಿದಾಗ, ಪಕ್ಷೇತರರಾಗಿ ಮುಜಫ್ಫರಪುರಕ್ಕೇ ಹೋದರು. ಜೈಲಿನಲ್ಲಿದ್ದವರನ್ನು ಹೊತ್ತು ಮೆರೆಸಿದ್ದ ಊರು ಈ ಬಾರಿ ಅವರನ್ನು ಸೋಲಿಸಿತು. ಅಷ್ಟರಲ್ಲಿ ಮರೆವಿನ ರೋಗ ಅವರನ್ನು ಆವರಿಸತೊಡಗಿತ್ತು. 2019ರ ಜನವರಿ 29ರಂದು ದೆಹಲಿಯಲ್ಲಿ ತೀರಿಕೊಂಡಾಗ ಅವರಿಗೆ 88 ವರ್ಷ. ಮರುವರ್ಷ ಪದ್ಮವಿಭೂಷಣ ಪ್ರಶಸ್ತಿ ಬಂತು.