ತಲೆಸುತ್ತಿನ ಮಾತ್ರೆ ವರ್ಷಗಟ್ಟಲೆ ನಡೆಯುತ್ತಿದೆಯೇ? ಎಂಆರ್‌ಐ ಬೇಕೇ ಎಂದು ಒಮ್ಮೆ ಕೇಳಿ

ಕಿವಿ ಮಂದವಾಗುವುದು, ಒಳಗೆ ಗುಂಯ್ ಎನ್ನುವ ಸದ್ದು, ಆಗಾಗ ಕೋಣೆಯೇ ಗಿರ್ರನೆ ತಿರುಗಿದಂತಾಗುವುದು. ಈ ಮೂರೂ ಒಟ್ಟಿಗೆ ಬಂದರೆ ವೈದ್ಯರಿಗೆ ಮೊದಲು ಹೊಳೆಯುವ ಹೆಸರುಗಳಲ್ಲಿ ಒಂದು ಮೆನಿಯರ್ಸ್ ಕಾಯಿಲೆ. ಆದರೆ ತೀರಾ ಅಪರೂಪಕ್ಕೆ ಇವೇ ಲಕ್ಷಣಗಳ ಹಿಂದೆ ತಲೆಬುರುಡೆಯ ತಳಭಾಗದ ಗಡ್ಡೆಯೊಂದು ಇರುತ್ತದೆ. ಅದರ ಹೆಸರು ಎಂಡೋಲಿಂಫ್ಯಾಟಿಕ್ ಸ್ಯಾಕ್ ಟ್ಯೂಮರ್.

ಒಳಗಿವಿಯಲ್ಲಿ ಎಂಡೋಲಿಂಫ್ ಎಂಬ ದ್ರವವಿದೆ. ಅದನ್ನು ಹದದಲ್ಲಿಡಲು ನೆರವಾಗುವ ಪುಟ್ಟ ಚೀಲ ಕಿವಿಯ ಗಟ್ಟಿ ಎಲುಬಿನ ಹಿಂಭಾಗದಲ್ಲಿ, ಮೆದುಳಿನ ಪೊರೆಗೆ ತಾಗಿಕೊಂಡಿರುತ್ತದೆ. ಗಡ್ಡೆ ಹುಟ್ಟುವುದು ಅಲ್ಲೇ. ಮೆನಿಯರ್ಸ್‌ನಲ್ಲೂ ಇದೇ ದ್ರವ ಹೆಚ್ಚಾಗಿರುತ್ತದೆ. ಹಾಗಾಗಿ ಲಕ್ಷಣಗಳು ಒಂದೇ ಥರ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಗಡ್ಡೆ ಬೆಳೆಯುವುದು ನಿಧಾನ, ಬೇರೆ ಅಂಗಗಳಿಗೆ ಹರಡುವುದು ಬಹಳ ಕಡಿಮೆ. ಆದರೆ ಸುತ್ತಲಿನ ಎಲುಬನ್ನು ತಿನ್ನುತ್ತ ಹೋಗುತ್ತದೆ. ಒಳಗಿವಿಯಲ್ಲಿ ರಕ್ತಸ್ರಾವವಾದರೆ ಚಿಕ್ಕ ಗಡ್ಡೆಯೂ ಇದ್ದಕ್ಕಿದ್ದಂತೆ ಕಿವಿ ಕೇಳಿಸದಂತೆ ಮಾಡಬಲ್ಲದು. ಹಾಗೆ ಹೋದ ಶ್ರವಣ ಮರಳುವುದು ಕಷ್ಟ.

ಫಾರ್ಮಸಿಸ್ಟ್ ಆಗಿ ಒಂದು ಮಾತು. ಬೀಟಾಹಿಸ್ಟಿನ್ ಮಾತ್ರೆಗೆ ಹಳೆಯ ಚೀಟಿಯನ್ನೇ ಹಿಡಿದು ಪ್ರತಿ ತಿಂಗಳು ಬರುವವರಿದ್ದಾರೆ. ಅದು ತಲೆಸುತ್ತಿಗೆ ಕೊಡುವ ಔಷಧ, ಗಡ್ಡೆಯ ಮೇಲೆ ಅದರ ಕೆಲಸವಿಲ್ಲ. ಸುತ್ತು ಕಡಿಮೆಯಾಯಿತು ಎಂದ ಮಾತ್ರಕ್ಕೆ ಕಾಯಿಲೆ ಯಾವುದೆಂದು ಖಚಿತವಾದಂತಲ್ಲ. ಹಾಗಂತ ಇದನ್ನು ಓದಿ ಮಾತ್ರೆ ನಿಲ್ಲಿಸಬೇಡಿ. ಕೊನೆಯ ಆಡಿಯೋಮೆಟ್ರಿ ಯಾವಾಗ ಆಗಿತ್ತೆಂದು ಫೈಲ್ ತೆಗೆದು ನೋಡಿ.

ಒಂದೇ ಕಿವಿ ಮಂದವಾಗುತ್ತಲೇ ಹೋದರೆ, ನುಂಗಲು ತೊಂದರೆಯಾದರೆ ಅಥವಾ ದನಿ ಬದಲಾದರೆ ಇಎನ್‌ಟಿ ವೈದ್ಯರಿಗೆ ತೋರಿಸಲು ತಡಮಾಡಬೇಡಿ. ದಿಢೀರನೆ ಕಿವಿ ಕೇಳಿಸದಿದ್ದರೆ ಅಥವಾ ಮುಖದ ಒಂದು ಬದಿ ಸೋತರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಈ ಗಡ್ಡೆ ಪತ್ತೆಯಾಗುವುದು ಒಳಗಿವಿಯ ಭಾಗಕ್ಕೇ ಮಾಡುವ ಕಾಂಟ್ರಾಸ್ಟ್ ಎಂಆರ್‌ಐ ಮತ್ತು ಕಿವಿಯ ಎಲುಬಿನ ಸಿಟಿಯಲ್ಲಿ. ತಲೆಯ ಸಾದಾ ಸಿಟಿಯಲ್ಲಿ ಅದು ತಪ್ಪಿಹೋಗಬಹುದು. ಕಿಡ್ನಿ ತೊಂದರೆ ಇದ್ದರೆ ಕಾಂಟ್ರಾಸ್ಟ್ ಕೊಡುವ ಮುಂಚೆಯೇ ಹೇಳಿ.

ಮನೆಯವರು ನೆನಪಿಸಿಕೊಳ್ಳಬೇಕಾದ ಇನ್ನೊಂದು ಸಂಗತಿ: ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಕಣ್ಣಿನ ರೆಟಿನಾ, ಮೆದುಳು, ಬೆನ್ನುಹುರಿ, ಕಿಡ್ನಿ ಅಥವಾ ಅಡ್ರಿನಲ್ ಗ್ರಂಥಿಯಲ್ಲಿ ಗಡ್ಡೆ ಆಗಿತ್ತೇ? ವಾನ್ ಹಿಪ್ಪೆಲ್ ಲಿಂಡೌ ಎಂಬ ಆನುವಂಶಿಕ ಕಾಯಿಲೆಯಲ್ಲಿ ಇವೆಲ್ಲ ಬರುತ್ತವೆ. ಅದಿರುವವರಲ್ಲಿ ಸುಮಾರು ಶೇ. 10ರಿಂದ 15 ಮಂದಿಗೆ ಕಿವಿಯ ಈ ಗಡ್ಡೆಯೂ ಕಾಣಿಸುತ್ತದೆ, ಕೆಲವರಿಗೆ ಎರಡೂ ಕಡೆ. ತಂದೆ ಅಥವಾ ತಾಯಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ. 50. ರಕ್ತದಿಂದ ಜೀನ್ ಪರೀಕ್ಷೆ ಮಾಡಬಹುದು.

ಮುಖ್ಯ ಚಿಕಿತ್ಸೆ ಶಸ್ತ್ರಕ್ರಿಯೆ. ಗಡ್ಡೆಗೆ ರಕ್ತನಾಳಗಳು ಹೆಚ್ಚಿರುವುದರಿಂದ ಕೆಲವೊಮ್ಮೆ ಅವನ್ನು ಮೊದಲೇ ಮುಚ್ಚುತ್ತಾರೆ. ಚಿಕ್ಕದಿದ್ದಾಗಲೇ ತೆಗೆದರೆ ಶ್ರವಣ ಉಳಿಯುವ ಅವಕಾಶವಿದೆ. ಮರುಕಳಿಸಬಹುದಾದ್ದರಿಂದ ಆಮೇಲೂ ಹಲವು ವರ್ಷ ಎಂಆರ್‌ಐ ಮಾಡಿಸುತ್ತಿರಬೇಕು.