ಹೆದ್ದಾರಿ ಊರು ಬಿಟ್ಟರೂ ಹೆಸರು ಬಿಡದು

ಬೀಳಗಿ ಬೇರೆ, ಬೀಳಗಿ ಕ್ರಾಸ್ ಬೇರೆ. ಹುಬ್ಬಳ್ಳಿಯಿಂದ ವಿಜಯಪುರದ ಬಸ್ಸು ಹತ್ತಿದ ಹೊಸಬರಿಗೆ ಇದು ಗೊತ್ತಾಗುವುದು ಕ್ರಾಸಿನಲ್ಲಿಳಿದು, ಊರು ಎಲ್ಲಿ ಎಂದು ಸುತ್ತ ನೋಡಿದಾಗಲೇ. ಊರು ಇರುವುದು ಒಳಗೆ, ಕೆಲವು ಕಿಲೋಮೀಟರ್ ಆಚೆ. ಹೆದ್ದಾರಿ ಅದನ್ನು ಮುಟ್ಟದೆ ಕೊರ್ತಿ-ಕೊಲ್ಹಾರ ಸೇತುವೆಯತ್ತ ಸಾಗುತ್ತದೆ. ಊರಿನ ಹೆಸರನ್ನು ಎರವಲು ಪಡೆದು ಚಹಾದಂಗಡಿ, ಪಂಕ್ಚರ್ ಅಂಗಡಿ, ಖಾನಾವಳಿಗಳಿಂದ ಬೆಳೆಯುವ ಇಂಥ ಕ್ರಾಸುಗಳು ಬಾಗಲಕೋಟೆ ಜಿಲ್ಲೆಯಲ್ಲಿ ಹಲವು. ಗದ್ದನಕೇರಿ ಕ್ರಾಸ್, ಕುಳಗೇರಿ ಕ್ರಾಸ್ ಎಂದರೆ ಲಾರಿ ಚಾಲಕರಿಗೆ ನಕ್ಷೆಯೇ ಬೇಡ.

ಅದೇ ಚಾಲಕರನ್ನು ಈ ಹೆದ್ದಾರಿಯ ಸಂಖ್ಯೆ ಎಷ್ಟು ಎಂದು ಕೇಳಿದರೆ ತಡವರಿಸಬಹುದು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಹುಬ್ಬಳ್ಳಿಯಿಂದ ವಿಜಯಪುರ, ಕಲಬುರಗಿ ಮೂಲಕ ಹುಮನಾಬಾದ್‌ಗೆ ಹೋಗುತ್ತಿದ್ದ ರಸ್ತೆ ಮೊದಲು 218 ಆಗಿತ್ತು. ಸೊಲ್ಲಾಪುರದಿಂದ ವಿಜಯಪುರ, ಚಿತ್ರದುರ್ಗದ ಮೇಲೆ ಮಂಗಳೂರಿಗೆ ಹೋಗುವ ರಸ್ತೆ 13. ಎರಡೂ ಕೂಡುತ್ತಿದ್ದುದು ವಿಜಯಪುರದಲ್ಲಿ. ಕೇಂದ್ರ ಸರ್ಕಾರ 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟಾಗ ಇವೆರಡೂ ಅಲ್ಲಿ ತಮ್ಮ ಅರ್ಧ ಮೈಯನ್ನು ಅದಲುಬದಲು ಮಾಡಿಕೊಂಡವು. ಸೊಲ್ಲಾಪುರದ ತುಂಡು ಹುಬ್ಬಳ್ಳಿಯ ತುಂಡಿಗೆ ಸೇರಿ 52 ಆಯಿತು. ಕಲಬುರಗಿಯ ತುಂಡು ಚಿತ್ರದುರ್ಗದ ತುಂಡಿಗೆ ಸೇರಿ 50 ಆಯಿತು. ಡಾಂಬರು ಇದ್ದಲ್ಲೇ ಇದೆ, ಸಂಖ್ಯೆ ಮಾತ್ರ ಮಗ್ಗುಲು ಬದಲಿಸಿದೆ. ಬೀಳಗಿ ಕ್ರಾಸಿನ ಮುಂದಿನ ರಸ್ತೆ ಈಗ ಪಂಜಾಬಿನ ಸಂಗ್ರೂರಿನಿಂದ ಅಂಕೋಲೆಯವರೆಗಿನ ಹೆದ್ದಾರಿಯ ಒಂದು ಭಾಗ.

ಹೊಸ ಸಂಖ್ಯೆಗಳಿಗೆ ಒಂದು ಲೆಕ್ಕವುಂಟು. ಉತ್ತರ-ದಕ್ಷಿಣ ಹೆದ್ದಾರಿಗಳಿಗೆ ಸಮಸಂಖ್ಯೆ, ಅದು ಪೂರ್ವದಿಂದ ಪಶ್ಚಿಮಕ್ಕೆ ಏರುತ್ತದೆ. ಪೂರ್ವ-ಪಶ್ಚಿಮದವಕ್ಕೆ ಬೆಸಸಂಖ್ಯೆ, ಅದು ಉತ್ತರದಿಂದ ದಕ್ಷಿಣಕ್ಕೆ ಏರುತ್ತದೆ. ಕವಲುಗಳಿಗೆ ಮೂರಂಕಿ, ಕೊನೆಯ ಎರಡಂಕಿ ತಾಯಿ ಹೆದ್ದಾರಿಯವು. ಬೆಳಗಾವಿ-ರಾಯಚೂರು ನಡುವಿನ 748ಎ ಎಂಬುದು 48ರ ಮಗು. ಲೆಕ್ಕವೇನೋ ಚೊಕ್ಕವಾಗಿದೆ. ಆದರೆ ಹೆದ್ದಾರಿ ಊರು ಬಿಟ್ಟು ಹೊರಗೆ ಸರಿದಾಗ ಊರೊಳಗೆ ಉಳಿದ ಹಳೆಯ ರಸ್ತೆಯನ್ನು ಏನೆಂದು ಕರೆಯಬೇಕು ಎಂಬುದಕ್ಕೆ ಈ ಲೆಕ್ಕದಲ್ಲಿ ಜಾಗವಿಲ್ಲ.

ಅಮೆರಿಕದವರು ಅದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಅಲ್ಲಿ ಹೆದ್ದಾರಿಗೆ ಬೈಪಾಸ್ ಆದರೆ ಪೇಟೆಯೊಳಗಿನ ಹಳೆಯ ರಸ್ತೆಗೆ ಅದೇ ಸಂಖ್ಯೆಯನ್ನು ಉಳಿಸಿ, ಫಲಕದ ಮೇಲೆ ‘ಬಿಸಿನೆಸ್’ ಎಂದು ಬರೆಯುವುದುಂಟು. ಊರಿನ ಒಂದು ತುದಿಯಲ್ಲಿ ಹೆದ್ದಾರಿಯಿಂದ ಕವಲೊಡೆದು, ಅಂಗಡಿ ಬೀದಿ ಹಾದು, ಇನ್ನೊಂದು ತುದಿಯಲ್ಲಿ ಮತ್ತೆ ಹೆದ್ದಾರಿಗೆ ಸೇರುವ ರಸ್ತೆ ಇದು. ಊಟ, ವಸತಿ, ಸಂತೆ ಬೇಕಾದವರು ಇತ್ತ ಬನ್ನಿ ಎಂಬ ಕರೆ. ಬೈಪಾಸ್ ಬಂದು ಗಿರಾಕಿ ತಪ್ಪಿದರೆಂದು ಕೂಗುವ ವ್ಯಾಪಾರಿಗಳಿಗೆ ಇದು ಸರ್ಕಾರ ಕೊಟ್ಟ ಸಮಾಧಾನವೂ ಹೌದು.

ನಮ್ಮಲ್ಲಿ ಅಂಥ ದರ್ಜೆ ಇಲ್ಲ. ಆದರೂ ಅಂಥ ರಸ್ತೆ ಇಲ್ಲವೆನ್ನಲಾಗದು. ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಬೆಳಗಾವಿಗಳ ‘ಪಿ.ಬಿ. ರೋಡ್’ ಮತ್ತೇನು? ಪುಣೆ-ಬೆಂಗಳೂರು ಹೆದ್ದಾರಿ ಬೈಪಾಸಿಗೆ ಸರಿದು ವರ್ಷಗಳೇ ಆದವು. ಅದರ ಸಂಖ್ಯೆಯೂ 4 ಹೋಗಿ 48 ಆಯಿತು. ಊರೊಳಗಿನ ರಸ್ತೆ ಮಾತ್ರ ಎರಡು ದೂರದ ನಗರಗಳ ಮೊದಲಕ್ಷರ ಹೊತ್ತು ವ್ಯಾಪಾರ ಮಾಡುತ್ತಲೇ ಇದೆ. ಹುಬ್ಬಳ್ಳಿ-ಧಾರವಾಡದಲ್ಲಿ ಚಿಗರಿ ಬಸ್ಸುಗಳ ಪಥ ಹಾದದ್ದೂ ಇದೇ ರಸ್ತೆಯಲ್ಲಿ. ಸರ್ಕಾರ ಬರೆಯದ ಫಲಕವನ್ನು ಜನರೇ ಬರೆದುಕೊಂಡಿದ್ದಾರೆ.

ಮುಧೋಳ, ಜಮಖಂಡಿಗಳ ಕಥೆ ಬೀಳಗಿಗೆ ತದ್ವಿರುದ್ಧ. ವಿಜಯಪುರ-ಧಾರವಾಡ ರಾಜ್ಯ ಹೆದ್ದಾರಿ ಈ ಊರುಗಳನ್ನು ಹುಡುಕಿಕೊಂಡೇ ಬರುತ್ತದೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು, ದೂರದೂರಿನ ಬಸ್ಸುಗಳು, ಸಂತೆಗೆ ಬಂದ ಸೈಕಲ್ಲು ಎಲ್ಲವೂ ಒಂದೇ ದಾರಿಗೆ ಬರುವ ತಾಪತ್ರಯ ಇಲ್ಲಿನವರಿಗೆ ಹೊಸದಲ್ಲ. ಈ ಭಾಗದ ರಸ್ತೆಗಳನ್ನು ಜನ ಗುರುತಿಸುವುದು ಸಂಖ್ಯೆಯಿಂದಲ್ಲ, ಎರಡು ತುದಿಗಳಿಂದ: ಮುಧೋಳ-ನಿಪ್ಪಾಣಿ, ಜಮಖಂಡಿ-ಕುಡಚಿ, ಜತ್ತ-ಜಾಂಬೋಟಿ, ರಾಯಚೂರು-ಬಾಚಿ. ಇವುಗಳಲ್ಲಿ ಬಾಚಿಯದೇ ಸೋಜಿಗ. ಬೆಳಗಾವಿಯಾಚೆ ಮಹಾರಾಷ್ಟ್ರದ ಗಡಿಗೆ ಅಂಟಿದ ಸಣ್ಣ ಹಳ್ಳಿ ಅದು. ರಸ್ತೆ ಅಲ್ಲಿಗೆ ಮುಗಿಯುವುದಿಲ್ಲ, ವೆಂಗುರ್ಲಾದ ಕಡಲವರೆಗೂ ಹೋಗುತ್ತದೆ. ಆದರೆ ಕರ್ನಾಟಕದ ರಾಜ್ಯ ಹೆದ್ದಾರಿ ಕರ್ನಾಟಕದ ಕೊನೆಯ ಊರಿನಲ್ಲೇ ನಿಲ್ಲಬೇಕಷ್ಟೆ. ಅದರಿಂದ ಬಾಚಿಯನ್ನು ಕಾಣದವರ ಬಾಯಲ್ಲೂ ಬಾಚಿ. ಜತ್ತದ್ದು ಇನ್ನೊಂದು ಬಗೆ: ಕನ್ನಡಿಗರು ಬಹಳವಿರುವ ಆ ಊರು ಈಗ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿದೆ, ಹೆಸರು ಮಾತ್ರ ನಮ್ಮ ಅಥಣಿ, ಹಾರೂಗೇರಿಯ ಹೆದ್ದಾರಿಯ ಮೇಲಿದೆ.

ಗಡಿಯೂರುಗಳಲ್ಲಿ ಇಂಥ ತಮಾಷೆ ಎಲ್ಲೆಡೆಯೂ ಇರುತ್ತದೆ. ಟೆಕ್ಸಾಸ್ ಮತ್ತು ಆರ್ಕನ್ಸಾಸ್ ರಾಜ್ಯಗಳ ನಡುವಿನ ಟೆಕ್ಸಾರ್ಕಾನಾ ಪಟ್ಟಣದಲ್ಲಿ ಗಡಿಯೇ ಒಂದು ಬೀದಿ. ಅದರ ಮೇಲೆ 71ನೇ ಹೆದ್ದಾರಿ ಸಾಗುತ್ತದೆ. ಅಂಚೆ ಕಚೇರಿಯ ಕಟ್ಟಡದ ಅರ್ಧ ಆ ರಾಜ್ಯದಲ್ಲಿ, ಅರ್ಧ ಈ ರಾಜ್ಯದಲ್ಲಿ.

ಅಷ್ಟು ದೂರ ಹೋಗುವುದೇ ಬೇಡ. 1948ಕ್ಕೆ ಮುಂಚೆ ಮುಧೋಳದಿಂದ ತೇರದಾಳಕ್ಕೆ ಹೊರಟ ವರ್ತಕನ ಗಾಡಿ ಎಷ್ಟು ಗಡಿ ದಾಟುತ್ತಿತ್ತು ನೋಡಿ. ಮುಧೋಳ, ಮಹಾಲಿಂಗಪುರಗಳು ಘೋರ್ಪಡೆಯವರ ಮುಧೋಳ ಸಂಸ್ಥಾನದವು. ಮುಂದೆ ಬನಹಟ್ಟಿ ಜಮಖಂಡಿ ಸಂಸ್ಥಾನದ್ದು. ಅದಕ್ಕೆ ಒತ್ತಿಕೊಂಡಿರುವ ರಬಕವಿ ಸಾಂಗಲಿ ಸಂಸ್ಥಾನದ್ದು, ತೇರದಾಳವೂ ಅದರದೇ. ಇತ್ತ ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿತ್ತು. ಒಂದು ದಿನದ ದಾರಿಯಲ್ಲಿ ನಾಲ್ಕು ಆಡಳಿತ! ಮಗ್ಗದ ಸದ್ದು ಒಂದೇ ಆಗಿದ್ದ ರಬಕವಿ, ಬನಹಟ್ಟಿಗಳು ಎರಡು ಸಂಸ್ಥಾನಗಳ ಪಾಲಾಗಿದ್ದವು. ಈಗ ಎರಡಕ್ಕೂ ಸೇರಿ ಒಂದೇ ನಗರಸಭೆ, ನಡುವೆ ಒಂದು ಗೆರೆಯಂತೆ ಹೆಸರಿನಲ್ಲಿ ಉಳಿದಿರುವುದು ಅಡ್ಡಗೀಟು ಮಾತ್ರ. ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದವು, 1956ರಲ್ಲಿ ಈ ಊರುಗಳು ಮೈಸೂರು ರಾಜ್ಯಕ್ಕೆ ಬಂದವು. ಹಾಗೆ ಒಂದು ಗಡಿ ಅಳಿಯಿತು, ಸಾಂಗಲಿ ಮತ್ತು ಜತ್ತಗಳ ಕಡೆಗೆ ಇನ್ನೊಂದು ಮೂಡಿತು.

ರಸ್ತೆಗೆ ಯಾವ ಹೆಸರಿದ್ದರೇನು, ಗುಂಡಿ ಮುಚ್ಚಿದರೆ ಸಾಕು ಎನ್ನುವವರಿದ್ದಾರೆ. ಗುಂಡಿ ಮುಚ್ಚುವವರು ಯಾರು ಎಂಬುದನ್ನು ತೀರ್ಮಾನಿಸುವುದೇ ಆ ಹೆಸರು. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ ಪ್ರಕಾರ ಪಟ್ಟಿಯಲ್ಲಿರುವ ರಸ್ತೆಯ ಹೊಣೆ ಕೇಂದ್ರದ್ದು. ಪಟ್ಟಿಯಿಂದ ಬಿಟ್ಟರೆ ರಾಜ್ಯದ ಲೋಕೋಪಯೋಗಿ ಇಲಾಖೆಯದೋ ನಗರಸಭೆಯದೋ. ರಾಜ್ಯದ 1964ರ ಹೆದ್ದಾರಿ ಕಾಯ್ದೆ ರಸ್ತೆಬದಿಯ ಕಟ್ಟಡ ಎಷ್ಟು ಹಿಂದೆ ಸರಿಯಬೇಕೆಂಬ ಗೆರೆ ಎಳೆಯಲು ಅವಕಾಶ ಕೊಡುತ್ತದೆ. ಅಂಗಡಿಯವನ ಕಟ್ಟೆ ಉಳಿಯುವುದೂ ಹೋಗುವುದೂ ಆ ಗೆರೆಯ ಮೇಲೆ.

ಈ ದರ್ಜೆಯ ಬೆಲೆ ದೇಶಕ್ಕೆಲ್ಲ ಒಮ್ಮೆಲೇ ತಿಳಿದದ್ದು ಮದ್ಯದಂಗಡಿಗಳಿಂದ. ಹೆದ್ದಾರಿಯ 500 ಮೀಟರ್ ಒಳಗೆ ಮದ್ಯ ಮಾರಬಾರದೆಂದು ಸುಪ್ರೀಂ ಕೋರ್ಟು 2016ರ ಡಿಸೆಂಬರ್ 15ರಂದು ಹೇಳಿತು. 2017ರ ಮಾರ್ಚ್ 31ರಂದು, 20 ಸಾವಿರದವರೆಗೆ ಜನರಿರುವ ಊರುಗಳಿಗೆ ಅದನ್ನು 220 ಮೀಟರಿಗೆ ಇಳಿಸಿತು. ಮರುದಿನವೇ ಹಲವೆಡೆ ಬಾಗಿಲುಗಳು ಮುಚ್ಚಿದವು. ಆಗ ಹಲವು ರಾಜ್ಯಗಳಿಗೆ ತಮ್ಮ ಊರೊಳಗಿನ ಹೆದ್ದಾರಿಗಳು ನಿಜಕ್ಕೂ ಹೆದ್ದಾರಿಗಳೇ ಎಂಬ ಸಂಶಯ ಹುಟ್ಟಿತು! ಬೈಪಾಸ್ ಇದ್ದಲ್ಲಿ ಹಳೆಯ ರಸ್ತೆಗೆ ಹೆದ್ದಾರಿಯ ಪಟ್ಟ ಬೇಡವೆಂಬ ವಾದ ಎದ್ದಿತು. ಚಂಡೀಗಢದ ಆಡಳಿತ ತನ್ನ ರಸ್ತೆಗಳ ದರ್ಜೆಯನ್ನೇ ಬದಲಿಸಿತ್ತು. ಆ ಪ್ರಕರಣದಲ್ಲಿ 2017ರ ಜುಲೈ 11ರಂದು ನ್ಯಾಯಾಲಯ, ಪುರಸಭೆ, ನಗರಸಭೆಗಳ ಎಲ್ಲೆಯೊಳಗಿನ ಅಂಗಡಿಗಳಿಗೆ ನಿಷೇಧ ಅಡ್ಡಿಯಲ್ಲವೆಂದು ಸ್ಪಷ್ಟಪಡಿಸಿತು. ಎಲ್ಲೆ ದಾಟಿದರೆ ಅದೇ ರಸ್ತೆಗೆ ಬೇರೆ ನಿಯಮ. ಪಂಚಾಯಿತಿ ಪ್ರದೇಶದಲ್ಲಿದ್ದರೂ ಪಟ್ಟಣದಂತೆಯೇ ಬೆಳೆದ ಜಾಗಗಳು ಯಾವ ಲೆಕ್ಕಕ್ಕೆ ಎಂಬುದನ್ನು 2018ರ ಫೆಬ್ರುವರಿಯಲ್ಲಿ ರಾಜ್ಯಗಳ ವಿವೇಚನೆಗೇ ಬಿಟ್ಟಿತು.