ಸಭೆಯ ಶಾಲೆ ಯಾರಿಗೆ ಉತ್ತರ ಕೊಡಬೇಕು?

ಅಮೆರಿಕದ ಎಪಿಸ್ಕೋಪಲ್ ಚರ್ಚು ಇಂಗ್ಲೆಂಡಿನ ಆಂಗ್ಲಿಕನ್ ಪರಂಪರೆಯ ಒಂದು ಕವಲು. 1865ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಬಿಷಪ್ ಕಾಟನ್ ಶಾಲೆಯ ಬೇರೂ ಇದೇ ಪರಂಪರೆಯದು. ಆ ಶಾಲೆಯನ್ನು ಈಗ ನೋಡಿಕೊಳ್ಳುವ ದಕ್ಷಿಣ ಭಾರತ ಸಭೆ (ಸಿಎಸ್‌ಐ) ಮತ್ತು ಎಪಿಸ್ಕೋಪಲ್ ಚರ್ಚು, ಎರಡೂ ಜಗತ್ತಿನ ಆಂಗ್ಲಿಕನ್ ಕೂಟದ ಸದಸ್ಯರೇ. ಆದರೂ ಅಮೆರಿಕದವರು 'ಪ್ಯಾರಿಷ್ ಡೇ ಸ್ಕೂಲ್' ಎಂದು ಕರೆಯುವ ಶಾಲೆಯ ಸ್ವರೂಪ ನಮ್ಮ ಓದುಗರಿಗೆ ಅಷ್ಟು ಪರಿಚಿತವಲ್ಲ. ಪ್ಯಾರಿಷ್ ಎಂದರೆ ಒಂದು ಚರ್ಚು ಮತ್ತು ಅದಕ್ಕೆ ಸೇರಿದ ಸಭೆ. ಆ ಸಭೆ ತನ್ನ ಕಾಂಪೌಂಡಿನೊಳಗೇ ನಡೆಸುವ ಶಾಲೆ ಇದು. ಹಾಸ್ಟೆಲ್ ಇಲ್ಲ, ಸಂಜೆ ಮಕ್ಕಳು ಮನೆಗೆ ಹೋಗುತ್ತಾರೆ. ನಮ್ಮ ಅನುದಾನಿತ ಮಿಷನ್ ಶಾಲೆಗಳಲ್ಲಿ ಶಿಕ್ಷಕರ ಸಂಬಳ ಸರ್ಕಾರದಿಂದ ಬರುತ್ತದೆ. ಅಲ್ಲಿ ಅಂಥ ವ್ಯವಸ್ಥೆಯಿಲ್ಲ. ಕೆಲವು ರಾಜ್ಯಗಳಲ್ಲಿ ಪೋಷಕರಿಗೆ ವೋಚರ್ ರೂಪದ ನೆರವು ಸಿಗುವುದನ್ನು ಬಿಟ್ಟರೆ, ಶಾಲೆ ನಡೆಯುವುದು ಬಹುಮಟ್ಟಿಗೆ ಶುಲ್ಕ ಮತ್ತು ದೇಣಿಗೆಯಿಂದ. ಜಾಗ ಸಭೆಯದು, ಹಣ ಪೋಷಕರದು, ಆ ಪೋಷಕರಲ್ಲಿ ಬಹಳ ಮಂದಿ ಸಭೆಗೆ ಸೇರಿದವರೇ ಅಲ್ಲ. ಹಾಗಿದ್ದರೆ ಶಾಲೆ ಯಾರ ಮಾತು ಕೇಳಬೇಕು? ಇತ್ತೀಚಿನ ದಶಕಗಳಲ್ಲಿ ಹಲವು ಶಾಲೆಗಳು ಸಭೆಯಿಂದ ಬೇರ್ಪಟ್ಟು ಸ್ವತಂತ್ರ ಸಂಸ್ಥೆಗಳಾಗಿವೆ. ಆಡಳಿತದ ದೃಷ್ಟಿಯಿಂದ ಅದೇ ಜಾಣತನ ಎನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಶುಲ್ಕ ಕಟ್ಟದವರೂ ಶಾಲೆಯನ್ನು ಪ್ರಶ್ನಿಸುವ ಅಧಿಕಾರ ಉಳಿಸಿಕೊಂಡಿರುವುದೇ ಈ ವ್ಯವಸ್ಥೆಯ ಬೆಲೆಬಾಳುವ ಅಂಶ ಎಂದು ನಾನು ನಂಬುತ್ತೇನೆ.

ಮೊದಲು ಶಾಲೆ ನಡೆಯುವ ಬಗೆಯನ್ನು ನೋಡೋಣ. ಸಭೆಯ ಸದಸ್ಯರು ತಮ್ಮ ವಾರ್ಷಿಕ ಸಭೆಯಲ್ಲಿ 'ವೆಸ್ಟ್ರಿ' ಎಂಬ ಆಡಳಿತ ಮಂಡಳಿಯನ್ನು ಚುನಾಯಿಸುತ್ತಾರೆ. ರೆಕ್ಟರ್ ಎಂದರೆ ಆ ಸಭೆಯ ಮುಖ್ಯ ಸಭಾಪಾಲಕರು. ಚರ್ಚಿನ ಕಟ್ಟಡಗಳ ಬಳಕೆ ಮತ್ತು ನಿಯಂತ್ರಣವನ್ನು ಎಪಿಸ್ಕೋಪಲ್ ಚರ್ಚಿನ ನಿಯಮಾವಳಿ ರೆಕ್ಟರ್ ಕೈಗೆ ಒಪ್ಪಿಸಿದೆ. ಅಪ್ಪಟ ಪ್ಯಾರಿಷ್ ಶಾಲೆಗೆ ಕಾನೂನಿನಲ್ಲಿ ಬೇರೆ ಅಸ್ತಿತ್ವವಿರುವುದಿಲ್ಲ. ಭಾನುವಾರದ ಆರಾಧನೆ ಹೇಗೋ ಶಾಲೆಯೂ ಹಾಗೆ ಸಭೆಯ ಒಂದು ಕೆಲಸ. ಶಾಲೆಗೆಂದು ಒಂದು ಮಂಡಳಿ ಇರುತ್ತದೆ, ಅದರಲ್ಲಿ ಪೋಷಕರೂ ಇರುತ್ತಾರೆ. ಆದರೆ ಅದರ ಅಧಿಕಾರ ವೆಸ್ಟ್ರಿ ವಹಿಸಿಕೊಟ್ಟಷ್ಟು ಮಾತ್ರ. ದಿನದಿನದ ಪಾಠ, ಶಿಕ್ಷಕರ ನೇಮಕ, ಪ್ರವೇಶ ಇವೆಲ್ಲ ಮುಖ್ಯೋಪಾಧ್ಯಾಯರ ಹೊಣೆ. ದಿನಕ್ಕೊಮ್ಮೆಯೋ ವಾರಕ್ಕೆ ಕೆಲವು ಸಲವೋ ಮಕ್ಕಳೆಲ್ಲ ಚಾಪೆಲ್‌ನಲ್ಲಿ ಸೇರುತ್ತಾರೆ: ಒಂದು ಹಾಡು, ಒಂದು ಓದು, ಚಿಕ್ಕದೊಂದು ಪ್ರಾರ್ಥನೆ, ಮಕ್ಕಳಿಗೆ ತಿಳಿಯುವಂಥ ನಾಲ್ಕು ಮಾತು. ಸೋಮವಾರದ ತರಗತಿಯ ಕೋಣೆ ಭಾನುವಾರ ಸಂಡೇ ಸ್ಕೂಲಿನ ಕೋಣೆ. ಕುರ್ಚಿ ಜರುಗಿಸಿದವರು ಯಾರು, ಗೋಡೆಯ ಚಿತ್ರ ಕಿತ್ತವರು ಯಾರು, ಕರೆಂಟ್ ಬಿಲ್ಲಿನಲ್ಲಿ ಯಾರ ಪಾಲೆಷ್ಟು ಎಂಬ ತಕರಾರುಗಳು ಇಲ್ಲಿಂದಲೇ ಹುಟ್ಟುತ್ತವೆ. ಇವು ಸಣ್ಣವಲ್ಲ. ಎರಡು ಸಂಸಾರ ಒಂದೇ ಮನೆಯಲ್ಲಿರುವಾಗಿನ ಕಷ್ಟ ನಮಗೆ ಗೊತ್ತಿರುವಂಥದೇ.

ಶಾಲೆ ಯಾರ ಮಾತು ಕೇಳಬೇಕೆಂಬ ಜಗ್ಗಾಟ ಶಾಲೆಗಳಷ್ಟೇ ಹಳೆಯದು. 1701ರಲ್ಲಿ ಲಂಡನ್ನಿನಲ್ಲಿ ಸುವಾರ್ತಾ ಪ್ರಸಾರ ಸಂಘವೊಂದು ಸ್ಥಾಪನೆಯಾಯಿತು. ಎಸ್‌ಪಿಜಿ ಎಂದು ಅದರ ಹೆಸರು. ನ್ಯೂಯಾರ್ಕಿನ ಟ್ರಿನಿಟಿ ಚರ್ಚಿನ ಆಸರೆಯಲ್ಲಿ ವಿಲಿಯಂ ಹಡಲ್‌ಸ್ಟನ್ 1709ರಲ್ಲಿ ಬಡ ಮಕ್ಕಳಿಗಾಗಿ ತೆರೆದ ಧರ್ಮಾರ್ಥ ಶಾಲೆಗೆ ಈ ಸಂಘದ ನೆರವಿತ್ತು. ಅದಕ್ಕೂ ಕೆಲವು ವರ್ಷ ಮೊದಲು, 1704ರಲ್ಲಿ, ಸಂಘವು ಎಲಿಯಾಸ್ ನೋ ಎಂಬ ವ್ಯಾಪಾರಿಯನ್ನು ಗುಲಾಮರಿಗೆ ಧರ್ಮಬೋಧೆ ಮಾಡಲು ನೇಮಿಸಿತ್ತು. ಪ್ರೊಟೆಸ್ಟೆಂಟ್ ನಂಬಿಕೆಗಾಗಿ ಫ್ರಾನ್ಸಿನಲ್ಲಿ ಸೆರೆವಾಸ ಅನುಭವಿಸಿ ಬಂದಿದ್ದವನು ಆತ. ಕಲಿಯುವವರು ಸಿದ್ಧರಿದ್ದರು, ಒಡೆಯರು ಸಿದ್ಧರಿರಲಿಲ್ಲ. ದೀಕ್ಷಾಸ್ನಾನ ಪಡೆದ ಗುಲಾಮ ಬಿಡುಗಡೆ ಕೇಳಿಯಾನು ಎಂಬ ಭಯ ಅವರದು. 1706ರಲ್ಲಿ ನ್ಯೂಯಾರ್ಕಿನ ಶಾಸನಸಭೆ ದೀಕ್ಷಾಸ್ನಾನದಿಂದ ಗುಲಾಮಗಿರಿ ಕೊನೆಯಾಗದು ಎಂದು ಕಾನೂನು ಮಾಡಿದ ಮೇಲಷ್ಟೇ ಆ ಭಯ ಸ್ವಲ್ಪ ತಗ್ಗಿತು. ಆ ಕಾನೂನು ಬೇಕೆಂದು ಓಡಾಡಿದವನು ಸ್ವತಃ ನೋ! ಪಾಠ ಉಳಿಯಲೆಂದು ಆತ ತೆತ್ತ ಬೆಲೆ ಅದು, ಅದನ್ನು ಓದುವಾಗ ಇಂದಿಗೂ ಸಂಕಟವಾಗುತ್ತದೆ. 1712ರಲ್ಲಿ ಗುಲಾಮರು ದಂಗೆ ಎದ್ದಾಗ ಜನರ ಸಿಟ್ಟು ತಿರುಗಿದ್ದು ನೋ ನಡೆಸುತ್ತಿದ್ದ ಈ ಪಾಠಶಾಲೆಯ ಮೇಲೆಯೇ. ದಕ್ಷಿಣದ ಚಾರ್ಲ್ಸ್‌ಟನ್‌ನಲ್ಲಿ 1743ರಲ್ಲಿ ಕರಿಯ ಮಕ್ಕಳಿಗಾಗಿ ಶುರುವಾದ ಶಾಲೆಯಲ್ಲಿ ಪಾಠ ಹೇಳಲು ತರಬೇತಿ ಪಡೆದವರು ಹ್ಯಾರಿ ಮತ್ತು ಆಂಡ್ರ್ಯೂ ಎಂಬ ಇಬ್ಬರು ಹುಡುಗರು. ಅವರನ್ನು ಇದೇ ಸಂಘ ದುಡ್ಡು ಕೊಟ್ಟು ಕೊಂಡಿತ್ತು. ಬಾರ್ಬಡೋಸ್‌ನಲ್ಲಿ ಗುಲಾಮರು ದುಡಿಯುತ್ತಿದ್ದ ಕಬ್ಬಿನ ತೋಟಗಳ ಒಡೆತನವೂ ಸಂಘಕ್ಕಿತ್ತು. ಆದ್ದರಿಂದ ಚರ್ಚಿನ ಹಿಡಿತವಿದ್ದರೆ ನ್ಯಾಯ ತಾನಾಗಿ ಬಂದುಬಿಡುತ್ತದೆ ಎಂದು ನಾನು ಹೇಳಲಾರೆ. ಅಲ್ಲಿ ಸಭೆಯೇ ಹಣವಂತರ ಜೊತೆ ನಿಂತಿತ್ತು, ಪಾಠ ಕೇಳುವವರ ಪರವಾಗಿ ಮಾತಾಡಲು ಮೂರನೆಯವರು ಯಾರೂ ಉಳಿದಿರಲಿಲ್ಲ.

ಇಂದು ನಾವು ನೋಡುವ ಪ್ಯಾರಿಷ್ ಶಾಲೆಗಳಲ್ಲಿ ಹೆಚ್ಚಿನವು ಇಪ್ಪತ್ತನೆಯ ಶತಮಾನದವು. ಕೆಲವು ಚರ್ಚಿನ ಅಗತ್ಯದಿಂದಲೇ ಹುಟ್ಟಿದವು: ನ್ಯೂಯಾರ್ಕಿನ ಗ್ರೇಸ್ ಚರ್ಚು 1894ರಲ್ಲಿ ತನ್ನ ಗಾಯನವೃಂದದ ಹುಡುಗರಿಗಾಗಿ ವಸತಿಶಾಲೆ ತೆರೆಯಿತು, 1934ರಲ್ಲಿ ಅದು ಡೇ ಸ್ಕೂಲ್ ಆಯಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಉಪನಗರಗಳು ಬೆಳೆದವು, ಮಕ್ಕಳ ಸಂಖ್ಯೆ ಏರಿತು, ಹೊಸ ಚರ್ಚುಗಳ ಕೋಣೆಗಳು ವಾರದಲ್ಲಿ ಆರು ದಿನ ಖಾಲಿ ಬಿದ್ದಿರುತ್ತಿದ್ದವು. ಶಿಶುವಿಹಾರದಿಂದ ಶುರುಮಾಡಿ ವರ್ಷಕ್ಕೊಂದು ತರಗತಿ ಸೇರಿಸುತ್ತ ಹೋಗುವುದು ರೂಢಿಯಾಯಿತು. ಲಾಸ್ ಏಂಜಲೀಸ್‌ನ ಪೆಸಿಫಿಕ್ ಪ್ಯಾಲಿಸೇಡ್ಸ್‌ನಲ್ಲಿ ಸೇಂಟ್ ಮ್ಯಾಥ್ಯೂಸ್ ಶಾಲೆ ಆರಂಭವಾದದ್ದು 1949ರಲ್ಲಿ. ಈಗ ದೇಶದಲ್ಲಿ ಶಿಶುವಿಹಾರಗಳೂ ಸೇರಿ ಎಪಿಸ್ಕೋಪಲ್ ಶಾಲೆಗಳು ಸಾವಿರಕ್ಕೂ ಹೆಚ್ಚಿವೆ.

ಆದರೆ ಆ ಬೆಳವಣಿಗೆಯ ಕಾಲವೇ ವರ್ಣಭೇದದ ಹೋರಾಟದ ಕಾಲವೂ ಹೌದು. ಸರ್ಕಾರಿ ಶಾಲೆಗಳಲ್ಲಿ ಬಿಳಿಯರನ್ನೂ ಕರಿಯರನ್ನೂ ಬೇರೆ ಮಾಡುವುದು ಸಂವಿಧಾನಕ್ಕೆ ವಿರುದ್ಧ ಎಂದು 1954ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ದಕ್ಷಿಣದ ರಾಜ್ಯಗಳಲ್ಲಿ ಎಷ್ಟೋ ಬಿಳಿಯ ಕುಟುಂಬಗಳಿಗೆ ಖಾಸಗಿ ಶಾಲೆ ತಪ್ಪಿಸಿಕೊಳ್ಳುವ ದಾರಿಯಾಯಿತು, ಚರ್ಚಿನ ಹೆಸರು ಹೊತ್ತ ಶಾಲೆಗಳೂ ಇದರಿಂದ ಹೊರತಾಗಿರಲಿಲ್ಲ. 1963ರಲ್ಲಿ ಅಟ್ಲಾಂಟಾದ ಲವೆಟ್ ಶಾಲೆ ಮಾರ್ಟಿನ್ ಲೂಥರ್ ಕಿಂಗ್ ಅವರ ಮಗನಿಗೆ ಪ್ರವೇಶ ನಿರಾಕರಿಸಿತು. ಅದು ಒಂದು ಸಭೆಯ ಶಾಲೆಯಾಗಿರಲಿಲ್ಲ. ಅದಕ್ಕೆ ತನ್ನದೇ ಮಂಡಳಿಯಿತ್ತು, ಎಪಿಸ್ಕೋಪಲ್ ಡಯಾಸಿಸ್ ಜೊತೆ, ಅಂದರೆ ಬಿಷಪ್ ಅಧೀನದ ಸಭಾಪ್ರಾಂತದ ಜೊತೆ, ನಂಟು ಮಾತ್ರ ಇತ್ತು. ಎಪಿಸ್ಕೋಪಲ್ ಪಾದ್ರಿಗಳೇ ಪ್ರತಿಭಟನೆಗೆ ಇಳಿದರು, ಡಯಾಸಿಸ್ ಶಾಲೆಯ ಸಂಬಂಧ ಕಡಿದುಕೊಂಡಿತು. ನನ್ನ ವಾದಕ್ಕೆ ಈ ಪ್ರಸಂಗ ಎರಡು ಕಡೆಯಿಂದಲೂ ಮುಖ್ಯ. ಚರ್ಚಿಗೆ ನಾಚಿಕೆಪಡುವ ಶಕ್ತಿ ಇನ್ನೂ ಇತ್ತು ಎಂಬುದಕ್ಕೆ ಇದು ಸಾಕ್ಷಿ. ಆದರೆ ಹೆಸರು ಹಿಂತೆಗೆದುಕೊಳ್ಳುವುದನ್ನು ಬಿಟ್ಟು ಬೇರೆ ಅಸ್ತ್ರ ಅದರ ಕೈಯಲ್ಲಿರಲಿಲ್ಲ. ಆಳುವ ಅಧಿಕಾರ ಬೇರೆಡೆ ಹೋಗಿತ್ತು. ಖಾಸಗಿ ಶಾಲೆಗಳೂ ಜನಾಂಗದ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ 1976 ಆಗಿತ್ತು.

ಶಾಲೆ ಸಭೆಯ ಕೈಯಲ್ಲೇ ಇರಲಿ ಎಂಬ ನನ್ನ ನಿಲುವಿಗೆ ಆಕ್ಷೇಪಗಳಿವೆ, ಗಟ್ಟಿಯಾದವೇ ಇವೆ. ದೇವಶಾಸ್ತ್ರ ಓದಿದ ರೆಕ್ಟರ್‌ಗೆ ಶಾಲೆಯ ಬಜೆಟ್ ಏನು ತಿಳಿದೀತು ಎಂಬುದು ಒಂದು. ರೆಕ್ಟರ್ ಬದಲಾದಾಗ ಶಾಲೆಯ ದಿಕ್ಕೇ ಬದಲಾಗುವ ಅಪಾಯವಂತೂ ನಿಜ. ಅದಕ್ಕೆ ಪರಿಹಾರ ಅಧಿಕಾರದ ಗೆರೆಗಳನ್ನು ಕಾಗದದ ಮೇಲೆ ಎಳೆಯುವುದು: ತರಗತಿಯೊಳಗಿನ ತೀರ್ಮಾನ ಮುಖ್ಯೋಪಾಧ್ಯಾಯರದು, ಪ್ರವೇಶ ನೀತಿ ಮತ್ತು ಶುಲ್ಕ ರಿಯಾಯಿತಿಯ ಮೇಲೆ ವೆಸ್ಟ್ರಿಯ ಒಪ್ಪಿಗೆ. ಇನ್ನೊಂದು ಆಕ್ಷೇಪ, ಬೇರೆ ಧರ್ಮದ ಮಕ್ಕಳ ಮೇಲೆ ಚಾಪೆಲ್ ಹೇರುವುದು ಸರಿಯೇ ಎಂಬುದು. ಸರ್ಕಾರಿ ಶಾಲೆಗಳು ಪ್ರಾರ್ಥನೆ ಮಾಡಿಸುವುದನ್ನು 1962 ಮತ್ತು 1963ರ ತೀರ್ಪುಗಳು ನಿಷೇಧಿಸಿದವು. ಖಾಸಗಿ ಶಾಲೆಗಳಿಗೆ ಆ ಕಟ್ಟು ಇಲ್ಲ. ಎಪಿಸ್ಕೋಪಲ್ ಶಾಲೆಗಳಲ್ಲಿ ಯಹೂದಿ, ಮುಸ್ಲಿಂ, ಹಿಂದೂ ಮಕ್ಕಳೂ ಓದುತ್ತಾರೆ. ಅವರನ್ನು ಮತಾಂತರಿಸುವುದು ಶಾಲೆಯ ಉದ್ದೇಶವಲ್ಲ ಎಂದು ಈ ಶಾಲೆಗಳು ಸಾಮಾನ್ಯವಾಗಿ ಸ್ಪಷ್ಟಪಡಿಸುತ್ತವೆ. ಒಂದು ನಂಬಿಕೆಯನ್ನು ಅದನ್ನು ನಿಜವಾಗಿ ನಂಬುವವರ ನಡುವೆ ಕೂತು ನೋಡಿದ ಮಗುವಿಗೆ ತನ್ನ ಮನೆಯ ನಂಬಿಕೆಯ ಬಗ್ಗೆಯೂ ಪ್ರಶ್ನೆಗಳು ಏಳುತ್ತವೆ. ಅದರಿಂದ ನಷ್ಟವಾಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ.

ಈ ಶಾಲೆಗಳು ಸಿರಿವಂತರವೇ ಆಗಿಬಿಟ್ಟಿವೆ ಎಂಬ ಮೂರನೆಯ ಆಕ್ಷೇಪಕ್ಕೆ ನನ್ನಲ್ಲಿ ಅಷ್ಟು ಸುಲಭದ ಉತ್ತರವಿಲ್ಲ. ಬಡ ಮಕ್ಕಳಿಗಾಗಿ ಹಡಲ್‌ಸ್ಟನ್ ತೆರೆದಿದ್ದ ನ್ಯೂಯಾರ್ಕಿನ ಟ್ರಿನಿಟಿ ಶಾಲೆ ಇಂದು ಸ್ವತಂತ್ರ ಸಂಸ್ಥೆ. ಅದರ ವಾರ್ಷಿಕ ಶುಲ್ಕ 60,000 ಡಾಲರ್ ದಾಟಿದೆ. ನೆರವು ಪಡೆದು ಓದುವ ಮಕ್ಕಳು ಅಲ್ಲಿದ್ದಾರೆ, ಆದರೆ ಶಾಲೆ ಯಾರಿಗಾಗಿ ಎಂಬ ಪ್ರಶ್ನೆಯ ಉತ್ತರ ಮೂರು ಶತಮಾನಗಳಲ್ಲಿ ತಿರುಗಿ ನಿಂತಿದೆ. ಸಭೆಯ ಅಡಿಯಲ್ಲೇ ಉಳಿದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಯಾರೂ ಆಣೆಯಿಟ್ಟು ಹೇಳಲಾರರು, ಸಿರಿವಂತ ಬಡಾವಣೆಯ ಸಭೆ ಸಿರಿವಂತರದೇ ಆಗಿರುತ್ತದೆ. ಮೇಲಾಗಿ ಸಭೆಗಳೇ ಕರಗುತ್ತಿವೆ. 1960ರ ದಶಕದಲ್ಲಿ ಮೂವತ್ತು ಲಕ್ಷ ಮೀರಿದ್ದ ಎಪಿಸ್ಕೋಪಲ್ ಸದಸ್ಯರ ಸಂಖ್ಯೆ ಈಗ ಅದರ ಅರ್ಧದ ಆಸುಪಾಸಿನಲ್ಲಿದೆ. ಭಾನುವಾರ ಬೆಂಚಿನಲ್ಲಿ ಕೂರುವವರಿಗಿಂತ ಸೋಮವಾರ ಗೇಟು ದಾಟುವ ಮಕ್ಕಳೇ ಹೆಚ್ಚಿರುವ ಕಡೆ, ವಯಸ್ಸಾದ ಕೆಲವರು ನೂರಾರು ಕುಟುಂಬಗಳ ಪರವಾಗಿ ಕೈಯೆತ್ತುವುದು ನ್ಯಾಯವೇ ಎಂದು ಪೋಷಕರು ಕೇಳಿದರೆ ಅದು ಉದ್ಧಟತನವಲ್ಲ. ನನ್ನ ಉತ್ತರ ಇಷ್ಟೇ: ಶಾಲಾ ಮಂಡಳಿಯಲ್ಲಿ ಪೋಷಕರಿಗೆ ಹೆಚ್ಚು ಸ್ಥಾನ ಕೊಡಲಿ, ಲೆಕ್ಕಪತ್ರ ಅವರ ಮುಂದೆ ಇಡಲಿ, ಕಟ್ಟಡದ ಖರ್ಚು ಹಂಚಿಕೊಳ್ಳಲಿ. ಆದರೆ ಶುಲ್ಕ ಕಟ್ಟಲಾಗದ ಮನೆಗಳಿಂದ ಎಷ್ಟು ಮಕ್ಕಳು ಬರಬೇಕು ಎಂಬ ಒಂದು ತೀರ್ಮಾನವನ್ನು ವೆಸ್ಟ್ರಿ ತನ್ನ ಕೈಯಲ್ಲೇ ಇಟ್ಟುಕೊಳ್ಳಲಿ, ಅದಕ್ಕೆ ಬೇಕಾದ ಹಣಕ್ಕೆ ಸಭೆಯ ಕಾಣಿಕೆಯಿಂದಲೂ ಒಂದು ಪಾಲು ಹೋಗಲಿ.